ನೀವು ಕೇಳಿದಿರಿ: ವಕಾಂಡದ ದೊರೆ ಟಿಚಾಲಾ

ಪ್ರಶ್ನೆ: ಬ್ಲ್ಯಾಕ್ ಪ್ಯಾಂಥರ್ ಚಿತ್ರದಲ್ಲಿ ದೊರೆ ಟಿಚಾಲಾ ಆಡುವ ಭಾಷೆ ನಿಜವಾದದ್ದೇ, ಚಿತ್ರಕ್ಕೆಂದು ಕಟ್ಟಿದ್ದೇ? (ಧಾರವಾಡ)

ಉತ್ತರ: ವಕಾಂಡ ಎಂಬ ನಾಡು ಕಲ್ಪನೆ, ನುಡಿ ನಿಜ. ಅದು ದಕ್ಷಿಣ ಆಫ್ರಿಕಾದ ಖೋಸಾ. 2016ರ ಸಿವಿಲ್ ವಾರ್ ಚಿತ್ರದಲ್ಲಿ ತಂದೆ ಟಿಚಾಕಾನ ಪಾತ್ರ ಮಾಡಿದ ಜಾನ್ ಕಾನಿಯವರ ತಾಯ್ನುಡಿ ಅದು. ಅವರ ಸಲಹೆಯಿಂದ ತೆರೆಗೆ ಬಂತು, ಟಿಚಾಲಾ ಪಾತ್ರದ ಚಾಡ್ವಿಕ್ ಬೋಸ್‌ಮನ್ ಕಲಿತು ಆಡಿದರು. ಕಥೆಯಲ್ಲಿ ವಕಾಂಡ ಇರುವುದು ಪೂರ್ವ ಆಫ್ರಿಕಾದಲ್ಲಿ, ಖೋಸಾ ಖಂಡದ ದಕ್ಷಿಣ ತುದಿಯದು. ಭೂಪಟಕ್ಕೆ ಹೊಂದದಿದ್ದರೂ ಅಪ್ಪ–ಮಗನ ಮಾತಿಗೆ ಹೊಂದಿತು.

ಉಚ್ಚಾರ ಕಲಿಯುವವರಿಗೆ ಕಷ್ಟವಾಗುವುದು ಅದರ ಚಿಟಿಕೆ ಸದ್ದುಗಳು. ರೋಮನ್ ಲಿಪಿಯಲ್ಲಿ ಬರೆದ ಖೋಸಾದಲ್ಲಿ ‘ಸಿ’ ಕಂಡರೆ ನಾಲಿಗೆಯ ತುದಿಯನ್ನು ಮೇಲ್ಹಲ್ಲಿನ ಹಿಂದೆ ಒತ್ತಿ, ಒಳಕ್ಕೆ ಸೆಳೆದು ಬಿಡಿ. ‘ಅಯ್ಯೋ ಪಾಪ’ ಎನ್ನುವಾಗ ಲೊಚಗುಟ್ಟುತ್ತೇವಲ್ಲ, ಅದೇ. ‘ಎಕ್ಸ್’ಗೆ ನಾಲಿಗೆಯ ಪಕ್ಕವನ್ನು ದವಡೆ ಹಲ್ಲಿನ ಕಡೆಯಿಂದ ಸೆಳೆಯಬೇಕು. ‘ಕ್ಯೂ’ಗೆ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಟಕ್ಕನೆ ಇಳಿಸಬೇಕು. ಹೊಸಬರು ಉಸಿರನ್ನು ಹೊರಕ್ಕೆ ನೂಕುತ್ತಾರೆ. ಆಗ ಹೊರಡುವುದು ಬರೀ ತಕಾರ, ಕಕಾರ. ಇನ್ನು ಕೆಲವರು ಸದ್ದು ಮಾಡಿ, ತಡೆದು, ಆಮೇಲೆ ಸ್ವರ ಹೇಳುತ್ತಾರೆ. ನಡುವೆ ಬಿಡುವು ಇರಕೂಡದು. ಖೋಸಾ ಎಂಬ ಹೆಸರೇ ಎಕ್ಸ್‌ನಿಂದ ಶುರುವಾಗುತ್ತದೆ. ನಮ್ಮ ‘ಖ’ ಬರೀ ಸಮಾಧಾನಕ್ಕೆ.

ಪ್ರಶ್ನೆ: ರಾಣಿ ರಮೊಂಡಾಳ ಅಗಲದ ಟೊಪ್ಪಿಗೆ ಎಲ್ಲಿಯದು? (ಶಿವಮೊಗ್ಗ)

ಉತ್ತರ: ಜುಲು ಜನರಲ್ಲಿ ಮದುವೆಯಾದ ಹೆಂಗಸರು ಧರಿಸುವ ಇಸಿಕೋಲೊ ಅದಕ್ಕೆ ಮೂಲ (ಇದರ ‘ಕೋ’ದಲ್ಲೂ ಮೇಲೆ ಹೇಳಿದ ಲೊಚ ಸದ್ದೇ). ಚಿತ್ರಕ್ಕಾಗಿ ಅದನ್ನು ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದರು. ವಸ್ತ್ರವಿನ್ಯಾಸಕಿ ರೂತ್ ಕಾರ್ಟರ್‌ಗೆ ಆಸ್ಕರ್ ಬಂತು; ಕಲಾ ನಿರ್ದೇಶನ ಮತ್ತು ಸಂಗೀತಕ್ಕೂ ಸೇರಿ ಚಿತ್ರ ಗೆದ್ದದ್ದು 3. ಗಡಿ ಕಾಯುವವರ ಕಂಬಳಿ ಲೆಸೋಥೊದ ಬಸೋಥೊ ಜನರದು, ಅಂಗರಕ್ಷಕಿಯರ ಕೊರಳ ಬಳೆಗಳು ಅಂಡೆಬೆಲೆ ಹೆಂಗಸರನ್ನು ನೆನಪಿಸುತ್ತವೆ. ಟಿಚಾಲಾ ಬಂದಾಗ ಕೇಳುವುದು ಸೆನೆಗಲ್‌ನ ಟಾಮಾ: ಡಮರುವಿನ ಆಕಾರದ ವಾದ್ಯ, ಕಂಕುಳಲ್ಲಿಟ್ಟು ಒತ್ತಿದರೆ ಹಗ್ಗ ಬಿಗಿದು ಶ್ರುತಿ ಏರುತ್ತದೆ. ಇಷ್ಟು ದೂರದೂರದ ಜನರ ಒಡವೆ–ಉಡುಗೆಯನ್ನು ಒಂದೇ ಅರಮನೆಗೆ ತಂದದ್ದು ನೋಡಲು ಚೆಂದ. ಆದರೆ ಯಾವುದು ಯಾರದೆಂದು ಚಿತ್ರ ಹೇಳುವುದಿಲ್ಲ, ಆ ಕೊರತೆ ಕೊರತೆಯೇ.

ಪ್ರಶ್ನೆ: ಟಿಚಾಲಾನ ಬ್ಲ್ಯಾಕ್ ಪ್ಯಾಂಥರ್ ಎಂಬ ಹೆಸರನ್ನು ಅಮೆರಿಕದ ಕರಿಯರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ತೆಗೆದುಕೊಂಡರೇ? (ಮೈಸೂರು)

ಉತ್ತರ: ಇಲ್ಲ. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಸೃಷ್ಟಿಸಿದ ದೊರೆ ಕಾಮಿಕ್ಸ್‌ಗೆ ಬಂದದ್ದು 1966ರ ಜುಲೈ ಸಂಚಿಕೆಯಲ್ಲಿ. ಪಕ್ಷ ಹುಟ್ಟಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ, ಓಕ್‌ಲ್ಯಾಂಡ್‌ನಲ್ಲಿ.

ಪ್ರಶ್ನೆ: ಟಿಚಾಲಾನ ಕಥೆಯನ್ನಷ್ಟೇ ನೋಡಬೇಕು. ಯಾವ ಕ್ರಮ? (ಮಂಗಳೂರು)

ಉತ್ತರ: ಮೊದಲು ಸಿವಿಲ್ ವಾರ್. ತಂದೆ ಸಾಯುವುದು ಅಲ್ಲೇ. ಅದನ್ನು ಬಿಟ್ಟರೆ 2018ರ ಬ್ಲ್ಯಾಕ್ ಪ್ಯಾಂಥರ್‌ನ ಪಟ್ಟಾಭಿಷೇಕ ದಿಢೀರನೆ ಬಂದಂತೆ ತೋರುತ್ತದೆ. ನಂತರದ ಎರಡು ಅವೆಂಜರ್ಸ್ ಚಿತ್ರಗಳಲ್ಲಿ ಅವನ ಪಾಲು ಕಡಿಮೆ. ಬೋಸ್‌ಮನ್ 2020ರ ಆಗಸ್ಟ್ 28ರಂದು, 43ನೇ ವಯಸ್ಸಿಗೆ, ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಪಾತ್ರಕ್ಕೆ ಬೇರೆ ನಟರನ್ನು ತರದೆ, 2022ರ ವಕಾಂಡ ಫಾರೆವರ್‌ನಲ್ಲಿ ದೊರೆಯೂ ಕಾಯಿಲೆಯಿಂದ ಸತ್ತನೆಂದೇ ಕಥೆ ಆರಂಭಿಸಿದರು; ಮುಖವಾಡ ತಂಗಿ ಶೂರಿಗೆ ಹೋಗುತ್ತದೆ. ಕೊನೆಯ ಹೆಸರುಗಳು ಶುರುವಾದ ಕೂಡಲೇ ಏಳಬೇಡಿ, ನಡುವೆ ಇನ್ನೊಂದು ದೃಶ್ಯವಿದೆ.