ಟ್ರಾಫಿಕ್ ದಂಡ ಎಲ್ಲರಿಗೂ ಒಂದೇ ಥರ ಯಾಕಿಲ್ಲ?

ಮಂಗಳೂರಿನ ನಂತೂರಿನಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ನಿಮಗೆ 500 ರೂಪಾಯಿ ದಂಡ ಬಿತ್ತು. ಅದೇ ಹೊತ್ತಿಗೆ ಡ್ರೈವರ್ ಮೊಬೈಲಲ್ಲಿ ಮಾತಾಡುತ್ತಾ ಬಂದ ಬಸ್ಸನ್ನು ಯಾರೂ ನಿಲ್ಲಿಸಲಿಲ್ಲ. ಇದು ಯಾವ ನ್ಯಾಯ ಅಂತ ಕೇಳಿದ್ದೀರಿ. ಬಸ್ಸನ್ನು ಬಿಟ್ಟರು ಅಂತ ನಿಮ್ಮ ದಂಡ ಮಾಫಿ ಆಗುವುದಿಲ್ಲ. ಆದರೆ ನಿಮ್ಮ ಸಿಟ್ಟಿಗೆ ಕಾರಣ ಉಂಟು, ಅದನ್ನು ಸುಮ್ನೆ ನುಂಗಿಕೊಳ್ಳಬೇಡಿ.

ಮೊದಲು ದಂಡದ ಲೆಕ್ಕ. ಕೇಂದ್ರದ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 2019ರ ಸೆಪ್ಟೆಂಬರ್ 1ಕ್ಕೆ ಜಾರಿಗೆ ಬಂತು. ಅದರಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ. ಕೋರ್ಟಿಗೆ ಹೋಗದೆ ಸ್ಥಳದಲ್ಲೇ ಕಟ್ಟಿ ಮುಗಿಸುವ ದಂಡ ಎಷ್ಟು ಅಂತ ನಿಗದಿ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಜನ ಗಲಾಟೆ ಮಾಡಿದರು, ಅದೇ ತಿಂಗಳು ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಅಲ್ಲಿಯವರೆಗೆ ಸರಿ. ಆದರೆ ಆಂಬ್ಯುಲೆನ್ಸಿಗೆ ದಾರಿ ಬಿಡದವರ ದಂಡ 10,000 ಇದ್ದದ್ದು 1,000ಕ್ಕೆ ಇಳಿಯಿತು! ಹೆಲ್ಮೆಟ್ ದಂಡ ಅರ್ಧ ಆಯಿತು, ಇದು ಹತ್ತರಲ್ಲಿ ಒಂದು ಪಾಲಾಯಿತು. ಹೆಲ್ಮೆಟ್ ಹಾಕದವನು ಮುಖ್ಯವಾಗಿ ತನ್ನ ತಲೆಯನ್ನೇ ಅಪಾಯಕ್ಕೆ ಒಡ್ಡುತ್ತಾನೆ. ಆಂಬ್ಯುಲೆನ್ಸ್ ತಡೆಯುವವನು ಆಡುವುದು ಬೇರೆಯವರ ಜೀವದ ಜೊತೆ. ಉಡುಪಿ, ಪುತ್ತೂರು, ಕಾಸರಗೋಡು ಎಲ್ಲ ಕಡೆಯಿಂದ ರೋಗಿಗಳನ್ನು ಮಂಗಳೂರಿಗೇ ತರುವುದು. ಪಂಪ್‌ವೆಲ್ಲಿನಲ್ಲಿ ಸೈರನ್ ಹಾಕಿಕೊಂಡು ನಿಂತ ಗಾಡಿ ನೋಡಿದವರಿಗೆ ಈ ಇಳಿಕೆ ಒಪ್ಪುವ ಮಾತಲ್ಲ.

ಹಾಗಂತ ದಂಡ ಏರಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಕೇರಳ ಗಡಿಯ ತಲಪಾಡಿಗೆ ಹೋಗಿ ನೋಡಿ. ತೊಕ್ಕೊಟ್ಟಿನಿಂದ ಬೆಲ್ಟ್ ಹಾಕದೇ ಬಂದ ನಮ್ಮವರೇ ಗಡಿ ಹತ್ತಿರ ಬಂದ ಕೂಡಲೇ ಬೆಲ್ಟ್ ಎಳೆದು ಸಿಕ್ಕಿಸಿಕೊಳ್ಳುತ್ತಾರೆ. ಬೆಲ್ಟಿಗೆ ಎರಡೂ ಕಡೆ ದಂಡ 500 ರೂಪಾಯಿಯೇ. ಆದರೆ ಕೇರಳದಲ್ಲಿ 2023ರ ಜೂನ್‌ನಿಂದ ರಸ್ತೆ ಬದಿಯ ಎಐ ಕ್ಯಾಮೆರಾ ಫೋಟೊ ಹಿಡಿದು ದಂಡ ಕಳಿಸುತ್ತದೆ. ಗಾಡಿ ಯಾರದ್ದು, ಒಳಗೆ ಕೂತವರಿಗೆ ಯಾರ ಪರಿಚಯ ಇದೆ ಅಂತ ಅದು ಕೇಳುವುದಿಲ್ಲ. ಜನ ಹೆದರುವುದು ದಂಡದ ಮೊತ್ತಕ್ಕಲ್ಲ, ಸಿಕ್ಕಿಬೀಳುವುದು ಗ್ಯಾರಂಟಿ ಅನ್ನುವುದಕ್ಕೆ.

ನಮ್ಮಲ್ಲಿ ಸಿಕ್ಕಿಬೀಳುವವರು ಯಾರು? ನಿಲ್ಲಿಸಲು ಸುಲಭ ಇರುವವರು. ಸ್ಕೂಟರನ್ನು ಒಬ್ಬ ಪೊಲೀಸ್ ಕೈ ತೋರಿಸಿ ಬದಿಗೆ ಹಾಕಿಸಬಹುದು. ಕೂಳೂರು ಸೇತುವೆಯ ಹತ್ತಿರ ಎಕ್ಸ್‌ಪ್ರೆಸ್ ಬಸ್ಸನ್ನು ನಿಲ್ಲಿಸಿದರೆ ಹಿಂದೆ ಸಾಲು ಬೆಳೆಯುತ್ತದೆ, ಒಳಗಿದ್ದವರು ಲೇಟ್ ಆಯಿತು ಅಂತ ಗೊಣಗುತ್ತಾರೆ. ಹಾಗಾಗಿ ಬಿಟ್ಟುಬಿಡುತ್ತಾರೆ. ಒಮ್ಮೆ ಮುಂದಿನ ಸೀಟಲ್ಲಿ ಕೂತು ನೋಡಿ. ಫೋನ್ ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಗೇರ್, ಇನ್ನೊಂದು ಕೈಯಲ್ಲಿ ಸ್ಟೇರಿಂಗ್. ಮುಂದಿನ ಸ್ಟಾಪಿಗೆ ಇಂತಿಷ್ಟು ನಿಮಿಷಕ್ಕೆ ಮುಟ್ಟಬೇಕು, ಹಿಂದಿನ ಬಸ್ಸು ಓವರ್‌ಟೇಕ್ ಮಾಡಿದರೆ ಕಲೆಕ್ಷನ್ ಹೋಯಿತು. ಆ ಒತ್ತಡ ಡ್ರೈವರ್ ಮೇಲಿದೆ ಅನ್ನುವುದು ನನಗೂ ಗೊತ್ತು, ಅವರ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಬಸ್ಸಿನಷ್ಟು ಸುಲಭವಾಗಿ ಪತ್ತೆ ಮಾಡಬಹುದಾದ ಗಾಡಿ ಇನ್ನೊಂದಿಲ್ಲ, ಅಲ್ವಾ? ಪರ್ಮಿಟ್ ಇದೆ, ಮಾಲೀಕರ ವಿಳಾಸ ಇದೆ, ಎಷ್ಟು ಗಂಟೆಗೆ ಎಲ್ಲಿ ಇರುತ್ತದೆ ಅಂತಲೂ ಬರೆದಿಟ್ಟಿದೆ. ರಸ್ತೆಯಲ್ಲಿ ತಡೆಯುವುದೇ ಬೇಡ, ಫೋಟೊ ಸಹಿತ ನೋಟಿಸ್ ಕಳಿಸಿದರೆ ಸಾಕು.

ಇನ್ನೊಂದು ಅನ್ಯಾಯ ರಿಯಾಯಿತಿ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ರಾಜ್ಯದಲ್ಲಿ 50% ವಿನಾಯಿತಿ ಕೊಟ್ಟರು. ಆಮೇಲೂ ಕೊಟ್ಟರು, 2025ರಲ್ಲಿ ಮತ್ತೆ. ನಿಮ್ಮ ಹಾಗೆ ಅಲ್ಲೇ ಕಟ್ಟಿದವರಿಗೆ 500, ವರ್ಷಗಟ್ಟಲೆ ಕಟ್ಟದೇ ಕೂತವರಿಗೆ 250. ಬಾಕಿ ವಸೂಲಾಯಿತು ಅಂತ ಸರ್ಕಾರಕ್ಕೆ ಸಮಾಧಾನ ಇರಬಹುದು. ಜನ ಕಲಿತದ್ದು ಮಾತ್ರ ಕಾದರೆ ಲಾಭ ಅಂತ. ನಿಜವಾಗಿ ಕಷ್ಟದಲ್ಲಿ ಇರುವವರಿಗೆ ರಿಯಾಯಿತಿ ಕೊಡಲಿ, ನಾನು ಬೇಡ ಅನ್ನುವುದಿಲ್ಲ. ಸಾವಿರ ಬೀಡಿ ಕಟ್ಟಿದರೆ ಸಿಗುವ ಮಜೂರಿಗಿಂತ 500 ರೂಪಾಯಿ ಜಾಸ್ತಿ. ಫಿನ್‌ಲ್ಯಾಂಡಿನಲ್ಲಿ ಜೋರಾದ ಅತಿ ವೇಗಕ್ಕೆ ಆದಾಯ ನೋಡಿ ದಂಡ ಹಾಕುತ್ತಾರೆ. ನಮ್ಮಲ್ಲಿ ಆದಾಯದ ಲೆಕ್ಕ ಸಿಗುವುದೇ ಕಷ್ಟ, ಹಾಗಾಗಿ ಅದು ಸದ್ಯಕ್ಕೆ ಆಗುವ ಮಾತಲ್ಲ. ಕಂತಿನಲ್ಲಿ ಕಟ್ಟಲು ಬಿಡುವುದಂತೂ ಆಗುತ್ತದೆ.

ಪೊಲೀಸರೇ ಹೆಲ್ಮೆಟ್ ಇಲ್ಲದೆ ಹೋಗುತ್ತಾರಲ್ಲ ಅಂತಲೂ ಕೇಳಿದ್ದೀರಿ. ಅದಕ್ಕೆ ಕಾಯ್ದೆಯಲ್ಲೇ ಉತ್ತರ ಇದೆ: ಸೆಕ್ಷನ್ 210ಬಿ. ನಿಯಮ ಜಾರಿ ಮಾಡುವ ಅಧಿಕಾರ ಇರುವವರೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು.

ಈಗ ನೀವು ಮಾಡಬಹುದಾದ ಕೆಲಸ ಒಂದಿದೆ. ಹತ್ತು ರೂಪಾಯಿ ಶುಲ್ಕ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕಳೆದ ವರ್ಷ ನಿಮ್ಮ ಟ್ರಾಫಿಕ್ ಠಾಣೆಯಲ್ಲಿ ಹೆಲ್ಮೆಟಿಗೆ ಎಷ್ಟು ಕೇಸ್, ಬಸ್ ಡ್ರೈವರುಗಳ ಮೊಬೈಲಿಗೆ ಎಷ್ಟು, ಆಂಬ್ಯುಲೆನ್ಸ್ ತಡೆದದ್ದಕ್ಕೆ ಎಷ್ಟು, 210ಬಿ ಅಡಿಯಲ್ಲಿ ಎಷ್ಟು ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಮೇಲೆ ಇಲ್ಲೇ ಹಾಕಿ. ಉಡುಪಿಯ ಲೆಕ್ಕ ನಾನು ಕೇಳಿ ತರಿಸುತ್ತೇನೆ, ಎರಡನ್ನೂ ಜೊತೆಗಿಟ್ಟು ನೋಡೋಣ.