ಹೊಂಡ ತೋಡಲು ದುಡ್ಡುಂಟು, ಹುಲ್ಲು ಕಾಯಲು ಯಾಕಿಲ್ಲ?

ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: 'ಆರು ಎಕರೆ ಕೆಂಪು ಹೊಲ, ನಲವತ್ತು ಕುರಿ ಇವೆ. ಪಕ್ಕದವರ ಕೃಷಿ ಹೊಂಡ ಮೂರೇ ವರ್ಷಕ್ಕೆ ಹೂಳು ತುಂಬಿತು. ನಾನೂ ಅರ್ಜಿ ಹಾಕಲೇ? ಹೊಲ ಬೀಳು ಬಿಟ್ಟರೂ ಅಮೆರಿಕದಲ್ಲಿ ಸರ್ಕಾರ ದುಡ್ಡು ಕೊಡುತ್ತದಂತೆ, ಮಗ ಹೇಳುತ್ತಾನೆ. ನಿಜವೇ? ಸಬ್ಸಿಡಿಗೆ ಕೈ ಚಾಚುವುದು ಭಿಕ್ಷೆಯಲ್ವಾ?'

ಯಜಮಾನರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಖಂಡಿತ ಭಿಕ್ಷೆಯಲ್ಲ. ನಿಮ್ಮ ಹೊಲದಿಂದ ಕೊಚ್ಚಿಹೋದ ಮಣ್ಣು ಊರ ಕೆರೆಗೆ ಹೂಳಾಗುತ್ತದೆ. ನೀವು ಬದು ಹಾಕಿ ಅದನ್ನು ತಡೆದರೆ ಕೆರೆ ಉಳಿಯುತ್ತದೆ, ಕೆಳಗಿನ ಹೊಲದವರ ಬೋರ್‌ವೆಲ್‌ಗೂ ನೀರಿಳಿಯುತ್ತದೆ. ಹತ್ತು ಜನಕ್ಕೆ ಆಗುವ ಕೆಲಸದ ಖರ್ಚನ್ನು ನೀವೊಬ್ಬರೇ ಯಾಕೆ ಹೊರಬೇಕು?

ಮಗ ಹೇಳಿದ್ದು ಮುಕ್ಕಾಲು ನಿಜ. ಅಮೆರಿಕದ ಬಯಲುಸೀಮೆಯಲ್ಲಿ ಹುಲ್ಲುಗಾವಲು ಉತ್ತು ಗೋಧಿ ಬಿತ್ತಿದ್ದರು. 1930ರ ದಶಕದಲ್ಲಿ ಬರ ಬಂತು, ಗಾಳಿಗೆ ಹೊಲದ ಮಣ್ಣೇ ಎದ್ದುಹೋಯಿತು. ಮಣ್ಣು ಉಳಿಸಲೆಂದೇ 1935ರಲ್ಲಿ ಅಲ್ಲಿ ಒಂದು ಇಲಾಖೆ ಶುರುವಾಯಿತು. 1985ರ ಕಾಯ್ದೆ ಬಂದ ಮೇಲೆ, ಸವಕಳಿಯಾಗುವ ಹೊಲದಲ್ಲಿ ಬೆಳೆ ಬಿಟ್ಟು ಹುಲ್ಲು, ಮರ ಬೆಳೆಸಿದವರಿಗೆ 10ರಿಂದ 15 ವರ್ಷ ಬಾಡಿಗೆ ಸಿಗುತ್ತದೆ. ಸುಮ್ನೆ ಬೀಳು ಬಿಟ್ಟರೆ ಇಲ್ಲ. ದನ ಮೇಯಿಸುವವರಿಗೆ ಬೇಲಿ, ನೀರಿನ ತೊಟ್ಟಿಯ ಖರ್ಚಿನಲ್ಲಿ ಪಾಲು ಕೊಡುವ ಯೋಜನೆಯೂ ಇದೆ. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರಲಿ ಅಂತ. ಅಲ್ಲೂ ಎಲ್ಲ ಸರಿಯಿಲ್ಲ. 2007ರ ನಂತರ ಮೆಕ್ಕೆಜೋಳದ ಬೆಲೆ ಏರಿದಾಗ ಎಷ್ಟೋ ರೈತರು ಒಪ್ಪಂದ ಮುಗಿಯುತ್ತಲೇ ಹುಲ್ಲುನೆಲವನ್ನು ಮತ್ತೆ ಉತ್ತುಬಿಟ್ಟರು. ಆದರೆ ನೆಲ ಕಾಯುವುದೂ ಒಂದು ದುಡಿಮೆ, ಅದಕ್ಕೂ ಕೂಲಿ ಉಂಟು ಎಂದು ಅವರು ಒಪ್ಪಿದ್ದಾರೆ.

ನಮ್ಮಲ್ಲಿ ಕೊರತೆ ಇರುವುದು ಅಲ್ಲೇ. 2014-15ರಲ್ಲಿ ಬಂದ ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಅದು ಕಡಿಮೆಯೇನಲ್ಲ. ಆದರೆ ತೋಡಿ, ಫೋಟೋ ತೆಗೆದು, ಬಿಲ್ ಆದರೆ ಮುಗಿಯಿತು. ಮೂರನೇ ವರ್ಷ ಹೂಳೆತ್ತುವ ಖರ್ಚು ಯಾರದು? ಕುರಿಯವರ ಪಾಡು ಇನ್ನೂ ಕಷ್ಟ. ನಿಮ್ಮ ಕಡೆಯ ಅಮೃತ್ ಮಹಲ್ ಕಾವಲು ಎಂಬ ಹುಲ್ಲುಗಾವಲಿನಲ್ಲಿ ಸಾವಿರಾರು ಎಕರೆ ಬೇರೆ ಕೆಲಸಕ್ಕೆ ಹೋಯಿತು. ಉಳಿದ ಹುಲ್ಲನ್ನು ಕಾದವರಿಗೆ ವರ್ಷ ವರ್ಷ ಇಷ್ಟು ಎಂದು ಕೊಡುವ ಯೋಜನೆ ನಾನು ಕಂಡಿಲ್ಲ. ಬರಬೇಕು. ಗ್ರಾಮಸಭೆಯಲ್ಲಿ ನೀವೂ ಕೇಳಿ, ನಾವೂ ಇಲ್ಲಿ ಬರೆಯುತ್ತಲೇ ಇರುತ್ತೇವೆ.

ಅಲ್ಲಿಯವರೆಗೆ ಹೊಂಡಕ್ಕೆ ಅರ್ಜಿ ಹಾಕಿ. ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ನಿಯಮ ಕೇಳಿಕೊಳ್ಳಿ. ಆದೇಶ ಕೈಗೆ ಬರುವ ಮುಂಚೆ ಮಾತ್ರ ಅಗೆಸಬೇಡಿ. ಜೋರು ಮಳೆ ಬಂದ ದಿನ ಹೊಲದಲ್ಲಿ ಒಮ್ಮೆ ಓಡಾಡಿ, ನೀರು ಎಲ್ಲಿ ಕೂಡಿ ಹರಿಯುತ್ತದೆ ನೋಡಿ. ಹೊಂಡ ಅಲ್ಲೇ ಆಗಬೇಕು. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೂ ನಾಲ್ಕು ಸಾವಿರ ಲೀಟರ್ ನೀರು, ನೆನಪಿರಲಿ. ನೀರು ಒಳಬರುವ ಬಾಯಲ್ಲಿ ಒಂದು ಚಿಕ್ಕ ಹೂಳುಗುಂಡಿ ತೋಡಿಸಿ. ಮಣ್ಣು ಅಲ್ಲೇ ತಂಗಿದರೆ ವರ್ಷಕ್ಕೊಮ್ಮೆ ನಿಮ್ಮ ಮನೆಯವರೇ ಎತ್ತಿ ಹೊಲಕ್ಕೆ ಹಾಕಬಹುದು. ಕೆಂಪು ಮಣ್ಣಲ್ಲಿ ನೀರು ನಿಲ್ಲದು, ಹೊಂಡದೊಳಗೆ ಹಾಸಲು ಪ್ಲಾಸ್ಟಿಕ್ ಶೀಟ್ ಬೇಕೇ ಬೇಕು. ಕುರಿ ಹೊಂಡಕ್ಕಿಳಿದರೆ ಗೊರಸಿಗೆ ಶೀಟ್ ಹರಿಯುತ್ತದೆ, ಅವುಗಳಿಗೆ ಹೊರಗೇ ಬಾನಿ ಇಡಿ. ಸುತ್ತ ಬೇಲಿ ಮಾತ್ರ ತಪ್ಪಿಸಬೇಡಿ. ಶೀಟ್ ಹಾಕಿದ ಹೊಂಡಕ್ಕೆ ಜಾರಿದ ಮಗು ಹತ್ತಿ ಬರಲಾರದು.