ಫ್ಲೂ ಲಸಿಕೆ ಕೆಲವು ವರ್ಷ ವೈರಸ್ಸಿಗೆ ಏಕೆ ಹೊಂದುವುದಿಲ್ಲ?

ಲಸಿಕೆಯಲ್ಲಿ ಯಾವ ಫ್ಲೂ ವೈರಸ್ ಇರಬೇಕೆಂದು ತಿಂಗಳುಗಟ್ಟಲೆ ಮೊದಲೇ ಹೇಗೆ ತೀರ್ಮಾನಿಸುತ್ತಾರೆ, ಅದು ಬರೀ ಊಹೆಯಲ್ಲವೇ ಎಂದು ನೀವು ಕೇಳಿದ್ದೀರಿ. ಸೂಕ್ಷ್ಮಜೀವಿವಿಜ್ಞಾನವನ್ನು ಕಲಿಸುವವನಾಗಿ ನನ್ನ ಉತ್ತರವಿಷ್ಟು: ಅದರಲ್ಲಿ ಊಹೆಯ ಪಾಲು ಖಂಡಿತ ಇದೆ, ಆದರೆ ಆ ಊಹೆಯ ಹಿಂದೆ ಅಪಾರವಾದ ಅಳತೆಯ ಕೆಲಸವಿದೆ.

ವಿಶ್ವ ಆರೋಗ್ಯ ಸಂಸ್ಥೆಯು 1952ರಿಂದ ನಡೆಸುತ್ತಿರುವ ಕಣ್ಗಾವಲು ಜಾಲದಲ್ಲಿ ಇಂದು 100ಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳಿವೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಅವುಗಳಲ್ಲೊಂದು. ರೋಗಿಗಳ ಮೂಗು, ಗಂಟಲುಗಳಿಂದ ತೆಗೆದ ಮಾದರಿಗಳಲ್ಲಿ ಸಿಕ್ಕ ವೈರಸ್‌ಗಳ ಪೈಕಿ ಆಯ್ದವು ಅಟ್ಲಾಂಟಾ, ಲಂಡನ್, ಮೆಲ್ಬರ್ನ್, ಟೋಕಿಯೊ, ಬೀಜಿಂಗ್‌ಗಳಲ್ಲಿರುವ ಸಹಯೋಗ ಕೇಂದ್ರಗಳನ್ನು ಸೇರುತ್ತವೆ. ಅಲ್ಲಿ ಜೀನ್‌ಗಳ ಅನುಕ್ರಮವನ್ನು ಓದುವುದರ ಜೊತೆಗೆ, ಹಳೆಯ ವೈರಸ್ಸಿಗೆ ಹುಟ್ಟಿದ ಪ್ರತಿಕಾಯಗಳು (ವೈರಸ್ಸನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನುಗಳು) ಹೊಸದನ್ನು ಗುರುತಿಸುತ್ತವೆಯೇ ಎಂದು ಪರೀಕ್ಷಿಸುತ್ತಾರೆ.

ಆ ಪರೀಕ್ಷೆ ಹಳೆಯದು, ಆದರೆ ಸೊಗಸಾದದ್ದು. ಫ್ಲೂ ವೈರಸ್ಸಿನ ಮೈಮೇಲಿರುವ ಹಿಮಗ್ಲುಟಿನಿನ್ ಎಂಬ ಪ್ರೋಟೀನು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗೆ ಹಳೆಯ ವೈರಸ್ಸಿನ ಸೋಂಕು ತಗುಲಿಸಿ, ಅದರ ರಕ್ತದ ಸೀರಮ್ಮನ್ನು, ಅಂದರೆ ಪ್ರತಿಕಾಯಗಳಿರುವ ತಿಳಿದ್ರವವನ್ನು, 96 ಗುಳಿಗಳ ಪ್ಲೇಟಿನಲ್ಲಿ ಗುಳಿಯಿಂದ ಗುಳಿಗೆ ಅರ್ಧರ್ಧ ತೆಳುಮಾಡುತ್ತಾ ಹೋಗುತ್ತಾರೆ. ಬಳಿಕ ಹೊಸ ವೈರಸ್ಸನ್ನೂ ರಕ್ತಕಣಗಳನ್ನೂ ಸೇರಿಸುತ್ತಾರೆ. ಪ್ರತಿಕಾಯಗಳು ವೈರಸ್ಸನ್ನು ತಡೆದ ಗುಳಿಯಲ್ಲಿ ಕಣಗಳು ತಳಕ್ಕಿಳಿದು ಕೆಂಪು ಗುಂಡಿಯಂತೆ ಕೂರುತ್ತವೆ, ಪ್ಲೇಟನ್ನು ಓರೆ ಮಾಡಿದರೆ ಕಣ್ಣೀರಿನ ಹನಿಯಂತೆ ಜಾರುತ್ತವೆ. ತಡೆಯದಿದ್ದರೆ ಗುಳಿಯ ತುಂಬ ತೆಳುವಾಗಿ ಹರಡಿಕೊಂಡು ನಿಲ್ಲುತ್ತವೆ. ತನ್ನದೇ ವೈರಸ್ಸನ್ನು 1280 ಪಟ್ಟು ತೆಳುವಾದಾಗಲೂ ತಡೆಯುವ ಸೀರಮ್, ಹೊಸದನ್ನು 160 ಪಟ್ಟಿನವರೆಗೆ ಮಾತ್ರ ತಡೆದರೆ, ಅಂದರೆ ಎಂಟು ಪಟ್ಟು ಕುಸಿದರೆ, ವೈರಸ್ ಗಮನಾರ್ಹವಾಗಿ ಬದಲಾಗಿದೆ ಎಂದರ್ಥ.

ಈ ಫಲಿತಾಂಶಗಳನ್ನು ಮುಂದಿಟ್ಟುಕೊಂಡು ತಜ್ಞರು ಉತ್ತರಾರ್ಧಗೋಳದ ಲಸಿಕೆಯನ್ನು ಫೆಬ್ರವರಿಯಲ್ಲಿ, ದಕ್ಷಿಣಾರ್ಧಗೋಳದ್ದನ್ನು ಸೆಪ್ಟೆಂಬರಿನಲ್ಲಿ ನಿರ್ಧರಿಸುತ್ತಾರೆ. ಕೋಟ್ಯಂತರ ಡೋಸ್ ತಯಾರಿಸಲು ಸುಮಾರು ಆರು ತಿಂಗಳು ಬೇಕಾದ್ದರಿಂದ ಇದಕ್ಕಿಂತ ತಡಮಾಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಇರುವುದು ಈ ಅವಧಿಯಲ್ಲೇ. 2014ರ ಫೆಬ್ರವರಿಯಲ್ಲಿ ಫ್ಲೂ ವೈರಸ್ಸಿನ ಬಗೆಗಳಲ್ಲೊಂದಾದ ಎಚ್3ಎನ್2ಗಾಗಿ 2012ರ ಟೆಕ್ಸಾಸ್ ತಳಿಯನ್ನು ಆರಿಸಲಾಗಿತ್ತು. ಆನಂತರ ರೂಪಾಂತರಗೊಂಡ ತಳಿಗಳು ವೇಗವಾಗಿ ಹರಡಿದವು. ಸೆಪ್ಟೆಂಬರಿನ ಸಭೆ ದಕ್ಷಿಣಾರ್ಧಗೋಳಕ್ಕೆ ತಳಿಯನ್ನು ಬದಲಿಸಿತಾದರೂ ಉತ್ತರದ ಲಸಿಕೆ ಅಷ್ಟರಲ್ಲಿ ಸಿದ್ಧವಾಗಿತ್ತು. ಆ ಚಳಿಗಾಲ ಅಮೆರಿಕದಲ್ಲಿ ಲಸಿಕೆಯ ಒಟ್ಟು ಪರಿಣಾಮಕಾರಿತ್ವ ಶೇ. 19ರಷ್ಟು ಮಾತ್ರ ಎಂದು ಅಂದಾಜಾಯಿತು. ಕಣ್ಗಾವಲು ಕುರುಡಾಗಿರಲಿಲ್ಲ, ಕಂಡದ್ದನ್ನು ಸರಿಪಡಿಸಲು ಸಮಯ ಉಳಿದಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಹೆಚ್ಚಿನ ಲಸಿಕೆಯ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವುದರಿಂದ, ಮೊಟ್ಟೆಗೆ ಒಗ್ಗಿಕೊಳ್ಳುವಾಗ ಹಿಮಗ್ಲುಟಿನಿನ್ ತುಸು ಬದಲಾಗಬಹುದು; ಆಗ ಆಯ್ಕೆ ಸರಿಯಿದ್ದರೂ ಹೊಂದಿಕೆ ಸಡಿಲವಾಗುತ್ತದೆ. ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಗಳಿಗೆ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಕಣ್ಗಾವಲಿನಿಂದ ಲಸಿಕೆ ಸರಳವಾಗುವುದೂ ಉಂಟು. ಫ್ಲೂ ಬಿ ವೈರಸ್ಸಿನ ಎರಡು ವಂಶಗಳಲ್ಲೊಂದಾದ ಬಿ/ಯಮಗಾಟಾ 2020ರ ಮಾರ್ಚ್ ನಂತರ ಎಲ್ಲಿಯೂ ದೃಢಪಟ್ಟಿಲ್ಲವಾದ್ದರಿಂದ, 2023ರ ಸೆಪ್ಟೆಂಬರಿನಲ್ಲಿ ತಜ್ಞರು ಅದನ್ನು ಲಸಿಕೆಯಿಂದ ಕೈಬಿಡಬಹುದೆಂದು ಹೇಳಿದರು.

ಹಾಗಾದರೆ ಹಾಕಿಸಿಕೊಳ್ಳಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ: ಹಿರಿಯರು, ಗರ್ಭಿಣಿಯರು, ಮಧುಮೇಹ, ಉಬ್ಬಸ ಅಥವಾ ಹೃದ್ರೋಗ ಇರುವವರು ಖಂಡಿತ ಹಾಕಿಸಿಕೊಳ್ಳಬೇಕು, ಏಕೆಂದರೆ ಹೊಂದಿಕೆ ಪೂರ್ಣವಾಗಿರದ ವರ್ಷದಲ್ಲೂ ಲಸಿಕೆಯಿಂದ ಸ್ವಲ್ಪಮಟ್ಟಿನ ರಕ್ಷಣೆ ಸಿಗಬಹುದು. ಕರ್ನಾಟಕದಲ್ಲಿ ಫ್ಲೂ ಮಳೆಗಾಲದಲ್ಲಿ ಹೆಚ್ಚುವುದರಿಂದ, ಏಪ್ರಿಲ್–ಮೇ ತಿಂಗಳಿನಲ್ಲಿ ವೈದ್ಯರನ್ನು ಕಂಡು, ಆ ಹೊತ್ತಿಗೆ ಹೊಸದಾಗಿರುವ ಆ ವರ್ಷದ ದಕ್ಷಿಣಾರ್ಧಗೋಳದ ಲಸಿಕೆ ಲಭ್ಯವಿದೆಯೇ ಎಂದು ಕೇಳಿ.